ಹಾಸಿಗೆಯಿಂದ ಏಳಿಸುವ ವಿದ್ಯೆ

ವಿಜಯಪುರದ ಗಾಂಧಿ ಚೌಕವೆಂದರೆ ಊರಿನ ಪಡಸಾಲೆಯಿದ್ದಂತೆ. ತಿಕೋಟಾದ ಕಡೆಯಿಂದ ಪೇಟೆಗೆ ಬಂದವರು, ಬಬಲೇಶ್ವರದಿಂದ ಕಚೇರಿಯ ಕೆಲಸಕ್ಕೆ ಬಂದವರು, ಸಿದ್ಧೇಶ್ವರನ ಗುಡಿಗೆ ಹೊರಟವರು, ಎಲ್ಲರೂ ಒಮ್ಮೆ ಇದನ್ನು ಹಾದುಹೋಗಬೇಕು. ಸಂಜೆಯ ಬಿಸಿಲು ಇಳಿದ ಮೇಲೆ ಇಲ್ಲಿ ಹಿರಿಯರು ಒಬ್ಬೊಬ್ಬರಾಗಿ ಕೂಡುತ್ತಾರೆ. ಊರುಗೋಲನ್ನು ಮಗ್ಗುಲಿಗೆ ಒರಗಿಸಿ, ಮಳೆ-ಬೆಳೆಯ ಮಾತು, ಜೋಳದ ಧಾರಣೆಯ ಮಾತು, ಮೊಮ್ಮಕ್ಕಳ ಮದುವೆಯ ಮಾತು ನಡೆಸುತ್ತಾರೆ. ಇವರಲ್ಲಿ ಒಬ್ಬರು ಎರಡು ದಿನ ಕಾಣಿಸದಿದ್ದರೆ ಮೂರನೆಯ ದಿನ ವಿಚಾರಣೆಯಾಗುತ್ತದೆ. "ಬಚ್ಚಲದಾಗ ಜಾರಿ ಬಿದ್ದಾರಂತರಿ, ಟೊಂಕ ಮುರದೈತಿ" ಎಂಬ ಉತ್ತರ ಬಂತೆಂದರೆ ಅಲ್ಲಿಗೆ ಮಾತು ನಿಂತಿತು. ಮತ್ತೆ ಯಾವಾಗ ಬರುತ್ತಾರೆ ಎಂದು ಯಾರೂ ಕೇಳುವುದಿಲ್ಲ. "ಪಾಪ, ಒಳ್ಳೇವರಿದ್ರು" ಎನ್ನುತ್ತಾರೆ. ಮನೆಯಲ್ಲಿ ಉಸಿರಾಡಿಕೊಂಡು ಮಲಗಿರುವ ಮನುಷ್ಯನನ್ನು ಕುರಿತು ಭೂತಕಾಲದ ಕ್ರಿಯಾಪದವನ್ನು ಬಳಸುವ ಈ ವ್ಯಾಕರಣವೇ ಪ್ರಸ್ತುತ ಲೇಖನಕ್ಕೆ ಕಾರಣ.

ಭಾಷೆಯನ್ನು ಕಲಿಸುವ ಕಾಯಕದವನಿಗೆ ಮೊದಲು ಕಣ್ಣಿಗೆ ಬೀಳುವುದು ಮಾತು. 'ಟೊಂಕ ಮುರಿಯಿತು', 'ಸೊಂಟ ಮುರಿಯಿತು' ಎಂಬುದು ನಮ್ಮಲ್ಲಿ ಬರಿಯ ದೇಹಸ್ಥಿತಿಯ ವರ್ಣನೆಯಲ್ಲ. ಸರ್ವನಾಶಕ್ಕೆ ಸಲ್ಲುವ ನುಡಿಗಟ್ಟು. ಮಳೆ ಕೈಕೊಟ್ಟರೆ ಒಕ್ಕಲಿಗನ ಸೊಂಟ ಮುರಿಯುತ್ತದೆ. ಸಾಲ ಏರಿದರೆ ಸಂಸಾರದ ಸೊಂಟ ಮುರಿಯುತ್ತದೆ. ನುಡಿಗಟ್ಟಿನಲ್ಲಿ ಹೀಗೆ ಮುರಿದದ್ದು ಎಂದೂ ಕೂಡುವುದಿಲ್ಲ. ಅದೇ ನಂಬಿಕೆಯನ್ನು ನಾವು ದೇಹಕ್ಕೂ ಹಚ್ಚಿದ್ದೇವೆ. ಇನ್ನೊಂದು ನುಡಿಗಟ್ಟು 'ಹಾಸಿಗೆ ಹಿಡಿಯುವುದು'. ಮುದುಕರು ಹಾಸಿಗೆ ಹಿಡಿದರು ಎನ್ನುತ್ತೇವೆ. ಆದರೆ ಇಂಥ ಸಂದರ್ಭಗಳಲ್ಲಿ ಅವರು ಹಾಸಿಗೆಯನ್ನು ಹಿಡಿಯುವುದಿಲ್ಲ. ಹಾಸಿಗೆಯೇ ಅವರನ್ನು ಹಿಡಿಯುತ್ತದೆ. ಆ ಹಿಡಿತವನ್ನು ಬಿಡಿಸುವುದಕ್ಕೆ ಇಂದು ಒಂದು ವಿದ್ಯೆ ಇದೆ. ಅದು ತೊಂಬತ್ತು ವರ್ಷದವರಿಗೂ ನೂರು ವರ್ಷದವರಿಗೂ ಸಲ್ಲುತ್ತದೆ ಎಂಬುದನ್ನು ತಿಳಿಯದೆ, ಎಷ್ಟೋ ಮನೆಗಳಲ್ಲಿ ಜನ ಕೈಚೆಲ್ಲಿ ಕೂರುತ್ತಾರೆ.

ನಿಜ ಹೇಳಬೇಕೆಂದರೆ, ಇಂಥ ಬೀಳಿಕೆಯಲ್ಲಿ ಮುರಿಯುವುದು ಸೊಂಟವೇ ಅಲ್ಲ. ಮುರಿಯುವುದು ತೊಡೆಯ ಎಲುಬಿನ ಮೇಲಿನ ತುದಿ. ನಮ್ಮ ದೇಹದ ಅತ್ಯಂತ ಉದ್ದವಾದ ಈ ಎಲುಬು ಮೇಲ್ಗಡೆ ಒಂದು ಚೆಂಡಿನಂತೆ ದುಂಡಾಗಿ, ಸೊಂಟದ ಎಲುಬಿನ ಬಟ್ಟಲಿನಲ್ಲಿ ಕೂತಿರುತ್ತದೆ. ಚೆಂಡಿಗೂ ಉದ್ದನೆಯ ಕಾಂಡಕ್ಕೂ ನಡುವೆ ಓರೆಯಾಗಿ ಒಂದು ಕತ್ತು ಇದೆ. ನಾವು ನಿಂತಾಗ, ನಡೆದಾಗ, ಮೆಟ್ಟಿಲೇರಿದಾಗ ದೇಹದ ಭಾರವೆಲ್ಲ ಈ ಕತ್ತಿನ ಮೂಲಕವೇ ಕಾಲಿಗಿಳಿಯಬೇಕು. ಹರೆಯದಲ್ಲಿ ಎತ್ತಿನ ಗಾಡಿಯ ಅಚ್ಚಿನಂತೆ ಗಟ್ಟಿಯಾಗಿದ್ದ ಈ ಭಾಗ ಮುಪ್ಪಿನಲ್ಲಿ ಗೆದ್ದಲು ತಿಂದ ತೊಲೆಯಂತಾಗುತ್ತದೆ. ಹೊರಗೆ ಆಕಾರ ಹಾಗೆಯೇ ಇದ್ದರೂ ಒಳಗೆ ಟೊಳ್ಳು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ಸವೆತ ವೇಗವಾಗುವುದರಿಂದ ಈ ಮುರಿತವೂ ಅವರಲ್ಲಿಯೇ ಹೆಚ್ಚು. ಮರದಿಂದ ಬೀಳಬೇಕಾಗಿಲ್ಲ, ಗಾಡಿ ಹಾಯಬೇಕಾಗಿಲ್ಲ. ನಿಂತ ನೆಲದ ಮೇಲೆಯೇ ಕಾಲು ಜಾರಿ ಮಗ್ಗುಲಾಗಿ ಬಿದ್ದರೆ ಸಾಕು.

ಈ ಬೀಳಿಕೆ ಬಹುಮಟ್ಟಿಗೆ ಮನೆಯ ಒಳಗೇ ಆಗುವುದು. ಒದ್ದೆಯಾದ ಬಚ್ಚಲ ಕಲ್ಲು, ಎತ್ತರದ ಹೊಸ್ತಿಲು, ನಡುರಾತ್ರಿ ದೀಪ ಹಾಕದೆ ಎದ್ದುಹೋಗುವ ರೂಢಿ, ಕಾಲಿಗೆ ತೊಡರುವ ಸೀರೆಯ ನೆರಿಗೆ ಅಥವಾ ಧೋತರದ ಅಂಚು, ಕಣ್ಣಿನ ಪೊರೆ, ಎದ್ದೊಡನೆ ತಲೆ ತಿರುಗಿಸುವ ರಕ್ತದೊತ್ತಡದ ಗುಳಿಗೆ, ಇವೇ ಇದರ ಹಿಂದಿನ ಹಗೆಗಳು. ಬಿದ್ದವರ ಕಾಲು ಗಿಡ್ಡವಾದಂತೆ ಕಂಡು, ಪಾದ ಹೊರಕ್ಕೆ ಹೊರಳಿ, ಹಿಮ್ಮಡಿಯನ್ನು ಹಾಸಿಗೆಯಿಂದ ಎತ್ತಲಾರದೆ ಹೋದರೆ ಮುರಿದಿದೆ ಎಂದೇ ತಿಳಿಯಬೇಕು. ಆದರೆ ಎಲ್ಲ ಮುರಿತಗಳೂ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಮುರಿದ ತುದಿಗಳು ಒಂದರೊಳಗೊಂದು ನಾಟಿಕೊಂಡಿದ್ದರೆ ಮುದುಕಿ ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆಯಲೂಬಹುದು. ನಡೆದರು, ಆದುದರಿಂದ ಮುರಿದಿಲ್ಲ ಎಂಬ ತರ್ಕವನ್ನು ಇಲ್ಲಿ ನಂಬಲಾಗದು. ತೊಡೆಸಂದಿಯ ನೋವು ನಿಲ್ಲದಿದ್ದರೆ ಎಕ್ಸರೇ ತೆಗೆಯಿಸಬೇಕು. ಅದರಲ್ಲಿ ಕಾಣದೆ, ನೋವು ಮಾತ್ರ ಉಳಿದರೆ ಇನ್ನೂ ಸೂಕ್ಷ್ಮವಾದ ಸ್ಕ್ಯಾನ್ ಮಾಡಿಸಬೇಕು.

ಇಂಥ ಮುರಿತ ನಮ್ಮ ಪೂರ್ವಿಕರಿಗೆ ಅಪರಿಚಿತವಾಗಿರಲಿಲ್ಲ. ಸುಶ್ರುತ ಸಂಹಿತೆಯಲ್ಲಿ ಎಲುಬು ಮುರಿಯುವ ಬಗೆಗಳನ್ನೂ ಕೀಲು ತಪ್ಪುವ ಬಗೆಗಳನ್ನೂ ಎಣಿಸಿ ಹೇಳಿದೆ. ತೊಡೆ, ಸೊಂಟ, ಬೆನ್ನುಗಳ ಮುರಿತಕ್ಕೆ 'ಕಪಾಟಶಯನ'ವೆಂಬ ಉಪಾಯವನ್ನೂ ಸೂಚಿಸಿದೆ. ಕಪಾಟವೆಂದರೆ ಬಾಗಿಲ ಹಲಗೆ. ರೋಗಿಯನ್ನು ಹಲಗೆಯ ಮೇಲೆ ಮಲಗಿಸಿ, ಅಲುಗಾಡದಂತೆ ಗೂಟಗಳನ್ನು ನೆಟ್ಟು ಕಟ್ಟುವುದು ಅದರ ವಿಧಾನ. ಮುದುಕರಲ್ಲಿಯೂ ಕೃಶರಾದವರಲ್ಲಿಯೂ ಮುರಿತವು ಕಷ್ಟಸಾಧ್ಯವೆಂದು ಆ ಗ್ರಂಥವೇ ಒಪ್ಪಿಕೊಂಡಿದೆ. ಅರಿವಳಿಕೆಯಾಗಲಿ ಎಕ್ಸರೇಯಾಗಲಿ ಇಲ್ಲದ ಕಾಲದಲ್ಲಿ ಅಲುಗಿಸದೆ ಮಲಗಿಸುವುದಕ್ಕಿಂತ ಹೆಚ್ಚಿನದನ್ನು ಮಾಡಲು ಯಾರಿಗೆ ಸಾಧ್ಯವಿತ್ತು? ಮೊನ್ನೆ ಮೊನ್ನೆಯವರೆಗೆ ನಮ್ಮ ಆಸ್ಪತ್ರೆಗಳಲ್ಲಿ ಕಾಲಿಗೆ ಪಟ್ಟಿ ಸುತ್ತಿ, ಮಂಚದ ತುದಿಯಿಂದ ಇಟ್ಟಿಗೆ ತೂಗಬಿಟ್ಟು ವಾರಗಟ್ಟಲೆ ಮಲಗಿಸುತ್ತಿದ್ದುದೂ ಅದೇ ತತ್ತ್ವದ ಮುಂದುವರಿಕೆಯೇ.

ಆದರೆ ಎಲುಬಿಗೆ ಹಿತವಾದ ವಿಶ್ರಾಂತಿ ಎಲುಬಿನ ಒಡೆಯನಿಗೆ ಹಿತವಾಗಿರಲಿಲ್ಲ. ಹರೆಯದವನು ಎರಡು ತಿಂಗಳು ಮಲಗಿ ಎದ್ದಾನು. ಎಂಬತ್ತೈದರ ಮುದುಕಿ ಏಳಲಾರಳು. ಚಿತ್ತಾಗಿ ಮಲಗಿದವರ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ. ಬೆನ್ನು, ಪೃಷ್ಠ, ಹಿಮ್ಮಡಿಗಳಲ್ಲಿ ಹಾಸಿಗೆ ಹುಣ್ಣು ಏಳುತ್ತದೆ. ಕಾಲಿನ ನರಗಳಲ್ಲಿ ಹೆಪ್ಪುಗಟ್ಟಿದ ರಕ್ತವು ಒಂದು ದಿನ ಪುಪ್ಪುಸಕ್ಕೆ ಏರಿ ಪ್ರಾಣವನ್ನು ಒಮ್ಮೆಗೇ ಒಯ್ಯಬಹುದು. ಮೂತ್ರದ ಸೋಂಕು, ಅನ್ನದ್ವೇಷ, ಮನಸ್ಸಿನ ಕಳವಳ ಇವೆಲ್ಲ ಬೇರೆ. ಮಗ್ಗುಲು ಬದಲಿಸುವಾಗಲೆಲ್ಲ, ಮಲಮೂತ್ರಕ್ಕೆ ಎತ್ತುವಾಗಲೆಲ್ಲ ಮುರಿದ ತುದಿಗಳು ಒಂದಕ್ಕೊಂದು ಉಜ್ಜಿ ಕೊಡುವ ನೋವನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. 'ಟೊಂಕ ಮುರಿದು ಸತ್ತರು' ಎಂದು ನಾವು ಹೇಳುವ ಎಷ್ಟೋ ಸಾವುಗಳು ನಿಜವಾಗಿ ಮಲಗಿ ಆದ ಸಾವುಗಳು.

ಈ ಸತ್ಯವನ್ನು ಸ್ಪಷ್ಟವಾಗಿ ಕಂಡವರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ ಮುಖ್ಯನು. 1822ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಈ ಮುರಿತಗಳನ್ನು ಎರಡಾಗಿ ವಿಂಗಡಿಸಿದನು: ಕೀಲಿನ ಚೀಲದ ಒಳಗೆ ಆದದ್ದು, ಹೊರಗೆ ಆದದ್ದು. ಒಳಗಿನ ಮುರಿತ ಕೂಡುವುದಿಲ್ಲವೆಂಬುದನ್ನು ಅವನು ಕಂಡುಕೊಂಡನು. ಎಲುಬಿನ ಚೆಂಡಿಗೆ ರಕ್ತ ಬರುವುದು ಬಹುಮಟ್ಟಿಗೆ ಕತ್ತಿನ ಮೇಲೆ ಹಾದ ಸಣ್ಣ ನಾಳಗಳಿಂದ. ಕತ್ತು ಮುರಿದಾಗ ಅವೂ ಹರಿದು, ನೀರು ಕಾಣದ ಬಳ್ಳಿಯಂತೆ ಚೆಂಡು ಒಣಗುತ್ತದೆ. ಕೂಡದ ಎಲುಬನ್ನು ಕೂಡಿಸಹೋಗಿ ಮುದುಕರನ್ನು ಹಾಸಿಗೆಯಲ್ಲಿ ಕೊಲ್ಲುವುದಕ್ಕಿಂತ, ನೋವು ತಗ್ಗಿದೊಡನೆ ಕಂಕುಳ ಕೋಲು ಕೊಟ್ಟು ಎಬ್ಬಿಸುವುದು ಮೇಲೆಂದು ಅವನು ನಿಶ್ಚಯಿಸಿದನು. ಕಾಲು ಕುಂಟಾಗಲಿ, ಜೀವ ಉಳಿಯಲಿ ಎಂಬುದು ಅವನ ನೀತಿ. ಶಸ್ತ್ರ ಹಿಡಿಯಲಾಗದ ಕಾಲದ ಶಸ್ತ್ರವೈದ್ಯನ ಈ ವಿವೇಕವು ಇಂದಿನ ಚಿಕಿತ್ಸೆಯ ಬೀಜಮಂತ್ರವಾಗಿದೆ.

ಮುಂದಿನ ನೂರು ವರ್ಷಗಳಲ್ಲಿ ಅರಿವಳಿಕೆ ಬಂತು, ಕ್ರಿಮಿನಾಶನ ಬಂತು, ಎಕ್ಸರೇ ಬಂತು. 1925ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಸ್ಮಿತ್-ಪೀಟರ್ಸನ್ ಎಂಬ ವೈದ್ಯನು ಮೂರು ಅಂಚುಗಳ ಉಕ್ಕಿನ ಮೊಳೆಯೊಂದನ್ನು ಕತ್ತಿನ ಮೂಲಕ ಚೆಂಡಿನೊಳಗೆ ಹೊಡೆದು ಮುರಿತವನ್ನು ಬಿಗಿಯತೊಡಗಿದನು. ಬಡಗಿಯ ಕೆಲಸದಂತೆ ತೋರಿದ ಈ ಉಪಾಯವು ರೋಗಿಯನ್ನು ತಿಂಗಳುಗಟ್ಟಲೆಯ ಕಟ್ಟಿನಿಂದ ಬಿಡಿಸಿತು. 1940ರಲ್ಲಿ ಆಸ್ಟಿನ್ ಮೂರ್ ಮತ್ತು ಹೆರಾಲ್ಡ್ ಬೋಲ್‌ಮನ್ ಎಂಬಿಬ್ಬರು ತೊಡೆಯೆಲುಬಿನ ಮೇಲ್ತುದಿಯನ್ನೇ ತೆಗೆದು ಲೋಹದ್ದನ್ನು ಕೂರಿಸಿದರು. ಕೂಡದ ಚೆಂಡಿಗಾಗಿ ಕಾಯುವುದೇಕೆ, ಹೊಸ ಚೆಂಡನ್ನೇ ಇಟ್ಟರಾಯಿತಲ್ಲ ಎಂಬ ವಿಚಾರವು 1950ರ ನಂತರ ಜಗತ್ತಿನ ತುಂಬ ಹರಡಿತು. ಆಸ್ಟಿನ್ ಮೂರನ ಹೆಸರಿನ ಲೋಹದ ಚೆಂಡು ನಮ್ಮ ದೇಶದ ಸಾವಿರಾರು ಮುದುಕರನ್ನು ನಡೆಯಿಸಿದೆ. 1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿಯು ಬಟ್ಟಲನ್ನೂ ಚೆಂಡನ್ನೂ ಒಟ್ಟಿಗೆ ಬದಲಿಸುವ ಪದ್ಧತಿಯನ್ನು ನೆಲೆಗೊಳಿಸಿದನು.

ಇಂದು ಶಸ್ತ್ರಚಿಕಿತ್ಸೆಯ ದಾರಿ ಎರಡು. ಮುರಿತವು ಕತ್ತಿನಲ್ಲಿದ್ದು ತುದಿಗಳು ಸರಿದುಹೋಗಿದ್ದರೆ ಹಳೆಯ ಚೆಂಡನ್ನು ತೆಗೆದು ಲೋಹದ ಚೆಂಡನ್ನು ಕೂರಿಸುತ್ತಾರೆ. ಮೊದಲಿನಿಂದ ಚುರುಕಾಗಿ ಓಡಾಡಿಕೊಂಡಿದ್ದವರಿಗೆ ಬಟ್ಟಲನ್ನೂ ಬದಲಿಸುವುದುಂಟು. ಮುರಿತವು ಕತ್ತಿನ ಕೆಳಗೆ, ರಕ್ತಸಂಚಾರ ಚೆನ್ನಾಗಿರುವ ಭಾಗದಲ್ಲಿದ್ದರೆ ಚೆಂಡನ್ನು ಹಾಗೆಯೇ ಉಳಿಸಿ, ಎಲುಬಿನ ಒಳಗೆ ಸರಳನ್ನು ಇಳಿಸಿ ಅಥವಾ ಹೊರಗಿನಿಂದ ಪಟ್ಟಿ ಕೂರಿಸಿ ತಿರುಪಿನಿಂದ ಬಿಗಿಯುತ್ತಾರೆ. ಈ ಕೆಳಗಿನ ಮುರಿತ ಮಲಗಿಸಿದರೂ ಕೂಡೀತು; ಆದರೆ ಗಿಡ್ಡವಾಗಿ, ಹೊರಳಿ ಕೂಡುತ್ತದೆ. ಅಷ್ಟರೊಳಗೆ ಹಾಸಿಗೆಯು ತನ್ನ ಕೆಲಸವನ್ನು ಮುಗಿಸಿರುತ್ತದೆ. ಎರಡು ದಾರಿಗಳ ಗುರಿಯೂ ಒಂದೇ: ಶಸ್ತ್ರಚಿಕಿತ್ಸೆಯ ಮರುದಿನವೇ ರೋಗಿ ಎದ್ದು ಕೂತು, ಆ ಕಾಲಿನ ಮೇಲೆ ಭಾರ ಬಿಟ್ಟು ನಿಲ್ಲುವಂತಾಗಬೇಕು. ಆಯುಷ್ಯವನ್ನು ಹೆಚ್ಚಿಸುವುದು ಇದರ ಮೊದಲ ಉದ್ದೇಶವಲ್ಲ. ಇರುವಷ್ಟು ಆಯುಷ್ಯವನ್ನು ನೋವಿಲ್ಲದೆ, ಎದ್ದು ಕಳೆಯುವಂತೆ ಮಾಡುವುದು ಉದ್ದೇಶ.

"ಇಷ್ಟು ವಯಸ್ಸಿನಾಗ ಆಪರೇಶನ್ ಯಾತಕ್ಕರಿ, ತಡಕೋತಾರೇನು?" ಆಸ್ಪತ್ರೆಯ ಜಗುಲಿಯಲ್ಲಿ ನಿಂತ ಬಂಧುಗಳ ಬಾಯಲ್ಲಿ ಬರುವ ಪ್ರಶ್ನೆ ಇದು. ಪ್ರಶ್ನೆಯಲ್ಲಿ ಪ್ರೀತಿಯೂ ಇದೆ, ಭಯವೂ ಇದೆ, ಖರ್ಚಿನ ಚಿಂತೆಯೂ ಇದೆ. ಇವಾವುದನ್ನೂ ಹಗುರವಾಗಿ ಕಾಣಬಾರದು. ಅಪಾಯವಿಲ್ಲವೆಂದು ಯಾವ ಪ್ರಾಮಾಣಿಕ ವೈದ್ಯನೂ ಹೇಳಲಾರನು. ಈ ಮುರಿತವಾದ ಹಿರಿಯರಲ್ಲಿ ನೂರಕ್ಕೆ 20ರಿಂದ 30 ಜನ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆಂದು ಹಲವು ದೇಶಗಳ ಲೆಕ್ಕಗಳು ಹೇಳುತ್ತವೆ. ಆದರೆ ಈ ಪ್ರಶ್ನೆ ಅರ್ಧ ಮಾತ್ರ. ಶಸ್ತ್ರಚಿಕಿತ್ಸೆಯನ್ನು ತಡೆದುಕೊಳ್ಳುತ್ತಾರೆಯೇ ಎಂದು ಕೇಳುವವರು, ಮೂರು ತಿಂಗಳು ಹಾಸಿಗೆಯನ್ನು ತಡೆದುಕೊಳ್ಳುತ್ತಾರೆಯೇ ಎಂದೂ ಕೇಳಬೇಕು. ಮಲಗಿಸಿಬಿಟ್ಟವರಲ್ಲಿ ಸಾವಿನ ಪ್ರಮಾಣ ಇದಕ್ಕಿಂತಲೂ ಹೆಚ್ಚು. ಏನೂ ಮಾಡದಿರುವುದು ಅಪಾಯವಿಲ್ಲದ ದಾರಿಯೆಂದು ನಮಗೆ ತೋರುತ್ತದೆ. ವಾಸ್ತವವಾಗಿ ಅದೂ ಒಂದು ನಿರ್ಧಾರವೇ. ಅದರ ಫಲ ನಿಧಾನವಾಗಿ ಬರುವುದರಿಂದ ಅದನ್ನು ದೈವದ ಲೆಕ್ಕಕ್ಕೆ ಬರೆಯುತ್ತೇವೆ, ಅಷ್ಟೆ.

ವಯಸ್ಸು ತಾನೊಂದೇ ಶಸ್ತ್ರಚಿಕಿತ್ಸೆಗೆ ಅಡ್ಡಿಯಲ್ಲ. ಹೃದಯ, ಪುಪ್ಪುಸ, ಮೂತ್ರಪಿಂಡಗಳ ಸ್ಥಿತಿ, ರಕ್ತದ ಬಲ, ಬೀಳುವ ಮೊದಲು ಎಷ್ಟು ಓಡಾಡುತ್ತಿದ್ದರು ಎಂಬುದು, ಇವೇ ಹೆಚ್ಚು ಮುಖ್ಯ. ಅರಿವಳಿಕೆಯ ಭಯವೂ ಈಗ ಹಿಂದಿನಷ್ಟು ಬೇಕಿಲ್ಲ. ಬೆನ್ನಿನಲ್ಲಿ ಚುಚ್ಚಿ ಸೊಂಟದ ಕೆಳಗಷ್ಟೇ ಮರಗಟ್ಟಿಸುವ ಪದ್ಧತಿ ಒಂದು, ಪೂರ್ತಿ ನಿದ್ದೆ ಬರಿಸುವ ಪದ್ಧತಿ ಇನ್ನೊಂದು. 2021ರಲ್ಲಿ ಪ್ರಕಟವಾದ ಅಮೆರಿಕ-ಕೆನಡಾಗಳ ದೊಡ್ಡ ಅಧ್ಯಯನವೊಂದರಲ್ಲಿ, ಎರಡು ತಿಂಗಳ ನಂತರ ನಡೆಯುವ ಶಕ್ತಿಯಲ್ಲಾಗಲಿ ಬದುಕಿ ಉಳಿಯುವುದರಲ್ಲಾಗಲಿ ಇವೆರಡಕ್ಕೂ ಹೇಳಿಕೊಳ್ಳುವ ಅಂತರ ಕಾಣಲಿಲ್ಲ. ಇದಲ್ಲದೆ, ಆಸ್ಪತ್ರೆಗೆ ಬಂದ ಕೂಡಲೇ ತೊಡೆಸಂದಿಯ ನರಕ್ಕೆ ಮದ್ದು ಕೊಟ್ಟು ನೋವನ್ನು ತಗ್ಗಿಸುವ ಉಪಾಯವೂ ಬಂದಿದೆ. ಎಕ್ಸರೇ ಕೋಣೆಗೆ ಸಾಗಿಸುವಾಗಿನ ಆರ್ತನಾದವನ್ನು ಅದು ನಿಲ್ಲಿಸಬಲ್ಲದು.

ವಯಸ್ಸಿಗಿಂತ ದೊಡ್ಡ ವೈರಿ ವಿಳಂಬ. ಇಂಗ್ಲೆಂಡಿನ ಆರೋಗ್ಯ ಮಾರ್ಗದರ್ಶಿಯು ರೋಗಿ ಬಂದ ದಿನವೇ ಅಥವಾ ಮರುದಿನವೇ ಶಸ್ತ್ರಚಿಕಿತ್ಸೆಯಾಗಬೇಕೆಂದು 2011ರಲ್ಲಿಯೇ ವಿಧಿಸಿತು. 2020ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇನ್ನೊಂದು ಅಧ್ಯಯನ ಬಂತು. ಭಾರತವೂ ಸೇರಿ 17 ದೇಶಗಳ 69 ಆಸ್ಪತ್ರೆಗಳಲ್ಲಿ 2,970 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸುಮಾರು 6 ಗಂಟೆಗಳಲ್ಲಿ, ಇನ್ನೊಂದಕ್ಕೆ ಸುಮಾರು 24 ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು. ಸಾವಿನ ಪ್ರಮಾಣದಲ್ಲಿ ಹೆಚ್ಚಿನ ಅಂತರ ಕಾಣಲಿಲ್ಲ. ಆದರೆ ಬೇಗ ಮಾಡಿಸಿಕೊಂಡವರಲ್ಲಿ ಮತಿಭ್ರಮೆ ಕಡಿಮೆಯಾಗಿತ್ತು, ಅವರು ಬೇಗ ಎದ್ದು ನಿಂತರು, ಬೇಗ ಮನೆಗೆ ಹೋದರು. ಆರು ಗಂಟೆಗೂ ಇಪ್ಪತ್ನಾಲ್ಕು ಗಂಟೆಗೂ ಇರುವ ಅಂತರವನ್ನು ಅಳೆಯುವ ಈ ಕಾಲದಲ್ಲಿ ನಮ್ಮಲ್ಲಿ ನಡೆಯುವುದೇನು? ಮೊದಲ ಎರಡು ದಿನ ಎಣ್ಣೆ ತಿಕ್ಕಿ ಕಾಯುತ್ತೇವೆ. ಆಮೇಲೆ ಎಲುಬು ಕೂಡಿಸುವವರ ಹತ್ತಿರ ಕಟ್ಟು ಹಾಕಿಸುತ್ತೇವೆ. ಮುಂಬಯಿಯ ಮಗ ಬರಲೆಂದು ಮತ್ತೆರಡು ದಿನ, ಅಮಾವಾಸ್ಯೆ ಕಳೆಯಲೆಂದು ಇನ್ನೊಂದು ದಿನ. ವಾರ ಕಳೆದು ಆಸ್ಪತ್ರೆಯ ಮೆಟ್ಟಿಲೇರುವ ಹೊತ್ತಿಗೆ ಎದೆಯಲ್ಲಿ ಕಫ, ಬೆನ್ನಿನಲ್ಲಿ ಹುಣ್ಣು. ಬಳಿಕ ಕೇಡಾದರೆ "ಆಪರೇಶನ್ ಮಾಡಿಸಿ ಕಳಕೊಂಡ್ವಿ" ಎಂಬ ಮಾತು ಮುಂದಿನ ಮನೆಗೆ ಹಬ್ಬುತ್ತದೆ.

ಎಲುಬು ಕೂಡಿಸುವ ನಾಟಿ ವೈದ್ಯರ ಕೈಚಳಕವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕೈಯೆಲುಬಿಗೂ ಮೊಣಕಾಲ ಕೆಳಗಿನ ಎಲುಬಿಗೂ ಬಿದಿರಿನ ದಬ್ಬೆ ಕಟ್ಟಿ ನಿಲ್ಲಿಸಬಹುದು; ಅಲ್ಲಿ ಕಟ್ಟಿಗೆ ಹಿಡಿತವಿದೆ. ತೊಡೆಯ ಮೇಲ್ತುದಿಯಾದರೋ ದಪ್ಪ ಸ್ನಾಯುಗಳ ನಡುವೆ ಆಳದಲ್ಲಿದೆ. ಯಾವ ದಬ್ಬೆಯೂ ಯಾವ ಪಟ್ಟಿಯೂ ಅದನ್ನು ಹಿಡಿದು ನಿಲ್ಲಿಸಲಾರದು. ಬಿಗಿದ ಕಟ್ಟು ತೊಗಲನ್ನು ಹುಣ್ಣು ಮಾಡಬಲ್ಲುದೇ ಹೊರತು ಎಲುಬನ್ನು ಮುಟ್ಟಲಾರದು.

ನೂರರ ಗಡಿಯಾಚೆಯೂ ಈ ವಿದ್ಯೆ ಸಲ್ಲುತ್ತದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಹುಲಿಕಲ್ಲು-ಕುದೂರುಗಳ ದಾರಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಸಾಲುಮರದ ತಿಮ್ಮಕ್ಕನವರನ್ನು ಅರಿಯದ ಕನ್ನಡಿಗರಿಲ್ಲ. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2020ರಲ್ಲಿ, ನೂರು ವರ್ಷ ದಾಟಿದ ಮೇಲೆ, ಅವರಿಗೆ ಸೊಂಟದ ಎಲುಬಿನ ಶಸ್ತ್ರಚಿಕಿತ್ಸೆಯಾಯಿತು. ಅದಾದ ಎರಡು ವರ್ಷಕ್ಕೆ, 2022ರಲ್ಲಿ, ರಾಜ್ಯ ಸರ್ಕಾರವು ಅವರನ್ನು ಪರಿಸರ ರಾಯಭಾರಿಯೆಂದು ಸಚಿವ ದರ್ಜೆಯ ಸ್ಥಾನಮಾನದೊಡನೆ ಗೌರವಿಸಿತು. ಅವರು ತೀರಿಕೊಂಡದ್ದು 2025ರ ನವೆಂಬರ್ 14ರಂದು. ದೂರದ ಇಂಗ್ಲೆಂಡಿನಲ್ಲಿ ರಾಜಮಾತೆ ಎಲಿಜಬೆತ್‌ಗೆ 1995ರಲ್ಲಿ, 95ನೆಯ ವಯಸ್ಸಿನಲ್ಲಿ, ಒಂದು ಬದಿಯ ಕೀಲನ್ನು ಬದಲಿಸಿದರು. 1998ರಲ್ಲಿ ಆಕೆ ಬಿದ್ದು ಇನ್ನೊಂದು ಬದಿ ಮುರಿದಾಗ ಅದನ್ನೂ ಬದಲಿಸಿದರು. ಆಮೇಲೆ ಆಕೆ ನಾಲ್ಕು ವರ್ಷ ಬದುಕಿ 101ರಲ್ಲಿ ತೀರಿಕೊಂಡರು. ಅರಮನೆಯಾಕೆಗೂ ಸಾಲುಮರದಾಕೆಗೂ ತೊಡೆಯೆಲುಬು ಒಂದೇ, ವಿದ್ಯೆಯೂ ಒಂದೇ.

ಹಾಗೆಂದು ಕೊನೆಯಿಲ್ಲದ ಆಸೆಯನ್ನು ಹುಟ್ಟಿಸುವುದೂ ತಪ್ಪು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಮೊದಲಿನಂತೆ ನಡೆಯುತ್ತಾರೆ. ಉಳಿದವರಲ್ಲಿ ಕೋಲಿಲ್ಲದವರಿಗೆ ಕೋಲು ಬರುತ್ತದೆ, ಕೋಲಿದ್ದವರಿಗೆ ನಾಲ್ಕು ಕಾಲಿನ ವಾಕರ್ ಬರುತ್ತದೆ. ಇನ್ನು ಕೆಲವರು ಬೀಳುವ ಮೊದಲೇ ವರ್ಷಗಟ್ಟಲೆ ಮಲಗಿದ್ದವರು, ಮಕ್ಕಳನ್ನೂ ಗುರುತಿಸಲಾರದವರು, ಬೇರೊಂದು ಕಾಯಿಲೆಯಿಂದ ದಿನ ಎಣಿಸುತ್ತಿದ್ದವರು. ಅಂಥವರ ಮಟ್ಟಿಗೆ ಶಸ್ತ್ರವನ್ನು ಕೆಳಗಿಡುವುದೂ ವೈದ್ಯಧರ್ಮವೇ. 2022ರಲ್ಲಿ ನೆದರ್‌ಲ್ಯಾಂಡ್ಸಿನ ವೈದ್ಯರು ವೃದ್ಧಾಶ್ರಮಗಳ ಅತಿ ದುರ್ಬಲ ರೋಗಿಗಳ ಬಗ್ಗೆ ಇಂಥದೊಂದು ಅಧ್ಯಯನವನ್ನು ಪ್ರಕಟಿಸಿದರು. ರೋಗಿಯೊಡನೆಯೂ ಮನೆಯವರೊಡನೆಯೂ ಬಿಚ್ಚುಮನಸ್ಸಿನಿಂದ ಮಾತನಾಡಿದ ಮೇಲೆ ಶಸ್ತ್ರಚಿಕಿತ್ಸೆ ಬೇಡವೆಂದವರಿಗೆ ನೋವು ನಿವಾರಣೆಯ ಆರೈಕೆಯನ್ನಷ್ಟೇ ಕೊಟ್ಟರು. ಅವರ ಕೊನೆಯ ದಿನಗಳು ನೆಮ್ಮದಿಯಿಂದಲೇ ಕಳೆದವು. ಇಲ್ಲಿ ಗಮನಿಸಬೇಕಾದುದು ಒಂದು: ಅವರನ್ನು ಬಿಟ್ಟುಬಿಡಲಿಲ್ಲ, ನೋಡಿಕೊಂಡರು. ನೋವಿಗೆ ಮದ್ದಿಲ್ಲದೆ ಮೂಲೆಯಲ್ಲಿ ಮಲಗಿಸುವುದಕ್ಕೂ ಇದಕ್ಕೂ ಆಕಾಶ-ಭೂಮಿಯ ಅಂತರವಿದೆ.

ಶಸ್ತ್ರಚಿಕಿತ್ಸೆ ಮುಗಿದ ಮೇಲೆ ವೈದ್ಯನ ಪಾಲು ಕಡಿಮೆಯಾಗಿ ಮನೆಯವರ ಪಾಲು ಹೆಚ್ಚುತ್ತದೆ. ಎರಡನೆಯ ರಾತ್ರಿ ಮುದುಕರು ಗೊತ್ತುಗುರಿಯಿಲ್ಲದೆ ಮಾತನಾಡತೊಡಗಿದರೆ, ಸತ್ತವರನ್ನು ಕರೆದರೆ, 'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆಯನ್ನು ನೆನೆದು ಕೈಬಿಡಬಾರದು. ಅದು ಬಹುಮಟ್ಟಿಗೆ ಕೆಲವು ದಿನಗಳಲ್ಲಿ ಕಳೆಯುವ ಭ್ರಮೆ. ಕನ್ನಡಕವನ್ನು ಮರಳಿ ಕಣ್ಣಿಗಿಟ್ಟು, ಹಗಲಿನಲ್ಲಿ ಕಿಟಕಿ ತೆರೆದು, ಗುರುತಿನ ದನಿಯಲ್ಲಿ ಹೆಸರು ಹಿಡಿದು ಮಾತನಾಡಿಸುತ್ತಿರಬೇಕು. ನೀರು, ಬೇಳೆ, ಹಾಲು, ತಿನ್ನುವವರಾದರೆ ತತ್ತಿ, ಇವುಗಳ ಬಲವಿಲ್ಲದೆ ಗಾಯ ಮಾಯದು. "ಹೊಸ ಕಾಲು ಹಾಕ್ಯಾರ, ಅಲುಗಾಡಬ್ಯಾಡ" ಎನ್ನುವ ಪ್ರೀತಿಯೇ ಇಲ್ಲಿ ಅಡ್ಡಿಯಾಗುವುದುಂಟು. ಅಲುಗಾಡಲೆಂದೇ ಆ ಕಾಲನ್ನು ಹಾಕಿದ್ದು. ದಿನಕ್ಕೆ ಹಲವು ಸಲ ಎಬ್ಬಿಸಿ ನಿಲ್ಲಿಸಬೇಕು, ನಡೆಯಿಸಬೇಕು. ಚೆಂಡನ್ನು ಬದಲಿಸಿದವರು ಕುಕ್ಕುರುಗಾಲಿನಲ್ಲಿ ಕೂಡುವುದು, ಚಕ್ಕಂಬಕ್ಕಲ ಹಾಕುವುದು ಇವುಗಳನ್ನು ವೈದ್ಯರು ಹೇಳಿದಷ್ಟು ಕಾಲ ಬಿಡಬೇಕು. ಪಾಯಖಾನೆಗೆ ಕುರ್ಚಿಯಂಥ ಆಸನವನ್ನು ಮಾಡಬೇಕು.

ಒಮ್ಮೆ ಮುರಿದವರಲ್ಲಿ ಇನ್ನೊಮ್ಮೆ ಮುರಿಯುವ ಸಂಭವ ಹೆಚ್ಚು. ಎಲುಬಿನ ಟೊಳ್ಳಿಗೆ ಮದ್ದು ಇದೆಯೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಮುರಿತದ ಶಸ್ತ್ರಚಿಕಿತ್ಸೆಯಾದವರಿಗೆ ವರ್ಷಕ್ಕೊಮ್ಮೆ ಜೋಲೆಡ್ರೋನಿಕ್ ಆಮ್ಲದ ಚುಚ್ಚುಮದ್ದು ಕೊಟ್ಟಾಗ ಹೊಸ ಮುರಿತಗಳು ನೂರಕ್ಕೆ 35ರಷ್ಟು ತಗ್ಗಿದುವೆಂದು 2007ರ ಅಧ್ಯಯನವೊಂದು ತೋರಿಸಿತು. ಅದು ಎಲ್ಲರಿಗೂ ಒಗ್ಗುವುದಿಲ್ಲ. ಮೂತ್ರಪಿಂಡದ ಪರೀಕ್ಷೆ ಮಾಡಿ ಕೊಡಬೇಕಾದದ್ದು. ಆದರೆ ಕೇಳುವುದಕ್ಕೆ ಅಡ್ಡಿಯೇನು? ನಮ್ಮ ಜೋಳದ ರೊಟ್ಟಿ ಹೊಟ್ಟೆ ತುಂಬಿಸಿದರೂ ಅದರಲ್ಲಿ ಸುಣ್ಣದಂಶ ಕಡಿಮೆ. ಜತೆಗೆ ಮೊಸರು, ಎಳ್ಳು, ಗುರೆಳ್ಳಿನ ಹಿಂಡಿ ಇದ್ದರೆ ಆ ಕೊರತೆ ತುಂಬುತ್ತದೆ. ಬಿಸಿಲಿಗೆ ಹೆಸರಾದ ನಮ್ಮೂರಿನಲ್ಲಿಯೂ ಮನೆಯೊಳಗೇ ಉಳಿಯುವ ಮುದುಕರಿಗೆ ಬಿಸಿಲಿನಿಂದ ಬರುವ ಡಿ ಜೀವಸತ್ವದ ಕೊರತೆ ಆಗುತ್ತದೆ. ಬಚ್ಚಲ ಗೋಡೆಗೆ ಒಂದು ಹಿಡಿಕೆ, ನೆಲಕ್ಕೆ ಜಾರದ ಹಾಸು, ಹೊಸ್ತಿಲ ಬಳಿ ರಾತ್ರಿ ಉರಿಯುವ ಸಣ್ಣ ದೀಪ, ಇವುಗಳ ಬೆಲೆ ಒಂದು ಸಣ್ಣ ಹಬ್ಬದ ಖರ್ಚಿಗಿಂತ ಹೆಚ್ಚಲ್ಲ.

ಖರ್ಚಿನ ಮಾತು ಬಂದಾಗ ಹಿಂಜರಿಯುವುದು ಸಹಜ. ಆದರೆ ತೊಡೆಯೆಲುಬಿನ ಶಸ್ತ್ರಚಿಕಿತ್ಸೆಗಾಗಿ ಈಗ ಮುಂಬಯಿಗೋ ಮೀರಜಿಗೋ ಹೋಗಬೇಕಾಗಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲದೆ, 1980ರ ದಶಕದಲ್ಲಿ ಹುಟ್ಟಿದ ಎರಡು ವೈದ್ಯಕೀಯ ಕಾಲೇಜುಗಳು ಈ ಊರಿನಲ್ಲಿಯೇ ಇವೆ. ಬಡವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಇದೆ. ಆಸ್ಪತ್ರೆಗೆ ಹೋದೊಡನೆ ಅಲ್ಲಿನ ಆರೋಗ್ಯಮಿತ್ರರನ್ನು ಕಂಡು, ರೇಷನ್ ಕಾರ್ಡು, ಆಧಾರ್ ಕಾರ್ಡುಗಳನ್ನು ತೋರಿಸಿ ವಿಚಾರಿಸಬೇಕು. ಮೂರು ತಿಂಗಳು ಹಾಸಿಗೆಯಲ್ಲಿಟ್ಟು ನೋಡಿಕೊಳ್ಳುವುದಕ್ಕೂ ಖರ್ಚಿದೆ. ಅದನ್ನು ತೆರುವವಳು ಹೆಚ್ಚಾಗಿ ಮನೆಯ ಸೊಸೆಯೋ ಮಗಳೋ. ಅವಳ ನಿದ್ದೆಗೂ ಬೆನ್ನಿಗೂ ನಾವು ಲೆಕ್ಕ ಬರೆಯುವುದಿಲ್ಲವಾದುದರಿಂದ ಅದು ಖರ್ಚಲ್ಲವೆಂದು ತೋರುತ್ತದೆ.

ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಮುಪ್ಪಿನ ಲಕ್ಷಣಗಳನ್ನು ಒಂದೊಂದಾಗಿ ಹೇಳಿದ ವಚನವನ್ನು ನಮ್ಮ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಆ ಪಟ್ಟಿಯಲ್ಲಿ ಕೈಗೆ ಕೋಲು ಬರುವುದೂ ಸೇರಿದೆ. ಕೋಲು ಮುಪ್ಪಿನ ಅವಮಾನವಲ್ಲ, ಅದರ ಸಂಗಾತಿ. ಈ ಚೌಕಕ್ಕೆ ಯಾರ ಹೆಸರಿದೆಯೋ ಆ ಗಾಂಧೀಜಿ ಕೊನೆಯ ದಿನಗಳಲ್ಲಿ ಮನು, ಆಭಾ ಎಂಬಿಬ್ಬರು ಹುಡುಗಿಯರ ಹೆಗಲ ಮೇಲೆ ಕೈಯಿಟ್ಟು ನಡೆಯುತ್ತಿದ್ದರು. ಅವರನ್ನು ತಮ್ಮ ಊರುಗೋಲುಗಳೆಂದು ಕರೆಯುತ್ತಿದ್ದರು. 1909ರ 'ಹಿಂದ್ ಸ್ವರಾಜ್'ನಲ್ಲಿ ವೈದ್ಯರನ್ನೂ ಆಸ್ಪತ್ರೆಗಳನ್ನೂ ಕಟುವಾಗಿ ಟೀಕಿಸಿದವರೂ ಅವರೇ. ಆದರೆ 1924ರ ಜನವರಿ 12ರ ರಾತ್ರಿ, ಸೆರೆಯಲ್ಲಿದ್ದ ಅವರಿಗೆ ಕರುಳಬಾಲದ ಬೇನೆ ವಿಷಮಿಸಿದಾಗ, ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಕರ್ನಲ್ ಮ್ಯಾಡಕ್‌ ಎಂಬ ಆಂಗ್ಲ ವೈದ್ಯನ ಶಸ್ತ್ರಕ್ಕೆ ಅವರು ಒಪ್ಪಿಕೊಂಡರು. ಒಪ್ಪಿಗೆಯ ಪತ್ರಕ್ಕೆ ನಡುಗುವ ಕೈಯಿಂದ ತಾವೇ ಸಹಿ ಮಾಡಿದರು. ಶಸ್ತ್ರಕ್ರಿಯೆಯ ನಡುವೆ ವಿದ್ಯುದ್ದೀಪ ಆರಿದಾಗ ಕಂದೀಲಿನ ಬೆಳಕಿನಲ್ಲಿ ಕೆಲಸ ಮುಗಿಯಿತು. ಅಂದು ಅವರ ಪರವಾಗಿ ಇನ್ನಾರೂ ನಿರ್ಧಾರ ಮಾಡಲಿಲ್ಲ. ವೈದ್ಯರು ಅವರನ್ನೇ ಕೇಳಿದರು, ಅವರೇ ಹೇಳಿದರು.

ನಮ್ಮ ಮನೆಗಳಲ್ಲಿ ತಪ್ಪಿಹೋಗುವುದು ಈ ಮಾತೇ. ತಾಯಿಯ ತೊಡೆ ಮುರಿದಾಗ ಗಂಡುಮಕ್ಕಳು ಹೊರಗೆ ನಿಂತು ಚರ್ಚಿಸುತ್ತಾರೆ, ಅಳಿಯ ತನ್ನ ಅಭಿಪ್ರಾಯ ಹೇಳುತ್ತಾನೆ, ನೆರೆಯವರು ತಮ್ಮ ಕಂಡದ್ದು ಕೇಳಿದ್ದು ಹೇಳುತ್ತಾರೆ. ಒಳಗೆ ಮಲಗಿದಾಕೆಯನ್ನು ಯಾರೂ ಕೇಳುವುದಿಲ್ಲ. ಆಕೆ ಎಂಬತ್ತೆಂಟು ವರ್ಷ ಬದುಕಿ, ಬರಗಾಲ ಕಂಡು, ಹೆತ್ತು, ಹೂಳಿ, ಹೊಲಮನೆಗಳನ್ನು ನಡೆಸಿದವಳು. ತನ್ನ ಕಾಲಿನ ವಿಷಯ ನಿರ್ಧರಿಸಲಾರದವಳಲ್ಲ. ಇಂಥ ಪ್ರಸಂಗ ಯಾವ ಮನೆಗೂ ಬಾರದಿರಲ್ಲಿ ಎಂದು ಹಾರೈಸೋಣ. ಬಂದರೆ ಮಾತ್ರ, ಆ ದಿನವೇ ಆಸ್ಪತ್ರೆಗೆ ಒಯ್ದು, ನೋವಿಗೆ ಮದ್ದು ಕೊಡಿಸಿ, ವೈದ್ಯರು ಹೇಳಿದ ಗುಣದೋಷಗಳನ್ನು ಆಕೆಗೆ ತಿಳಿಯುವ ಮಾತಿನಲ್ಲಿ ಹೇಳಿ, ಮಂಚದ ಪಕ್ಕದಲ್ಲಿ ಕೂತು ಒಂದು ಪ್ರಶ್ನೆ ಕೇಳಬೇಕು: "ಯವ್ವಾ, ಮತ್ತ ಎದ್ದು ಅಡ್ಡಾಡಬೇಕಂತೀ ಏನು?" ಉತ್ತರ ಏನೇ ಬರಲಿ, ಮುಂದಿನ ಹೆಜ್ಜೆ ಅದರಿಂದ ಹೊರಡಲಿ.